ಅಮ್ಮ ನೋಡದ ಗೋಲು

ಮಾಸ್ಕ್ ತೆಗೆದಿಟ್ಟು ನಾವೆಲ್ಲ ಮತ್ತೆ ಒಬ್ಬರ ಮುಖ ಒಬ್ಬರು ನೋಡಲು ಶುರುಮಾಡಿದ ವರ್ಷ ಅದು. ಅಮೆರಿಕದ ಷಾರ್ಲೆಟ್‌ನ ದಕ್ಷಿಣಕ್ಕೆ, ಬ್ಯಾಲಂಟೈನ್ ಹತ್ತಿರದ ಮೈದಾನದಲ್ಲಿ ಒಂದು ಶನಿವಾರ ಬೆಳಿಗ್ಗೆ ಒಂಬತ್ತು ವರ್ಷದ ಮಗಳನ್ನು ಹೊಸ ಸಾಕರ್ ಟೀಮಿಗೆ ಬಿಟ್ಟು, ಮಡಚುವ ಕುರ್ಚಿ ಬಿಡಿಸಿ ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಮೈದಾನದ ನಡುವಿನಿಂದ ಗಟ್ಟಿ ಗಂಡು ದನಿಯೊಂದು ಕೇಳಿಸಿತು.

"ಏನಮ್ಮಾ, ನಿದ್ದೆ ಮಾಡ್ತಿದ್ಯಾ? ಓಡಮ್ಮಾ, ಓಡು!"

ಅರ್ಧ ಕಾಫಿ ನನ್ನ ತೊಡೆಯ ಮೇಲೆ ಬಿತ್ತು. ಯಾರೋ ನಮ್ಮ ಕಡೆಯ ಅಪ್ಪ ಬಂದಿರಬೇಕು ಎಂದು ಸುತ್ತ ನೋಡಿದೆ. ಯಾರೂ ಇಲ್ಲ. ಕೂಗಿದ್ದು ಕೋಚ್. ಆರಡಿ ಎತ್ತರ, ನುಣ್ಣನೆ ತಲೆ, ಗುಂಗುರು ಗಡ್ಡ, ತೆಂಗಿನಕಾಯಿ ಕಟ್ಟಿಟ್ಟ ಹಾಗಿದ್ದ ಮೀನಖಂಡ. ಬೈಸಿಕೊಂಡದ್ದು ಕೆಂಪು ಕೂದಲಿನ ಅಮೆರಿಕನ್ ಹುಡುಗಿ. ಅವಳು ಅರ್ಥವಾದವಳಂತೆ ಓಡಿಯೇ ಬಿಟ್ಟಳು!

ಪ್ರಾಕ್ಟೀಸ್ ಮುಗಿಯುವವರೆಗೆ ಕಾದು, ಕಾಫಿ ಕಲೆಯ ಪ್ಯಾಂಟಿನಲ್ಲೇ ಹೋಗಿ ನೇರ ಕನ್ನಡದಲ್ಲೇ ಕೇಳಿದೆ: "ನೀವು ಆಗ ಕೂಗಿದ್ದು ಕನ್ನಡ ತಾನೆ?"

ಅವರು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. "ಅಯ್ಯಯ್ಯೋ! ನೀವು ಬೆಂಗಳೂರಾ?"

"ಮೈಸೂರು."

"ಸಾರಿ ಮೇಡಂ! ಐ ಡೋಂಟ್ ನೋ... ಅದು ಕೆಟ್ಟ ಮಾತಾ?"

"ಇಲ್ಲ ಇಲ್ಲ, ಒಳ್ಳೇ ಮಾತೇ."

"ಥ್ಯಾಂಕ್ ಗಾಡ್!" ಎಂದು ಅವರು ಎದೆ ಮುಟ್ಟಿಕೊಂಡು ಆಕಾಶ ನೋಡಿದರು. "ಎರಡು ವರ್ಷದಿಂದ ಎಲ್ಲ ಮಕ್ಕಳಿಗೂ ಇದೇ ಹೇಳ್ತಿದೀನಿ. ಮಕ್ಕಳು ಇದು ನಮ್ಮ ಬ್ರೆಜಿಲ್ ಪೋರ್ಚುಗೀಸ್ ಅಂದ್ಕೊಂಡಿದಾರೆ."

ಕಾರಿನಲ್ಲಿ ಮಗಳನ್ನು ಕೇಳಿದೆ, ನಿನಗೂ ಗೊತ್ತಾಗಲಿಲ್ಲವೇ ಎಂದು. "ಐ ಥಾಟ್ ಬ್ರೆಜಿಲ್ ಪೀಪಲ್ ಆಲ್ಸೋ ಸೇ ಅಮ್ಮಾ," ಎಂದಳು.

ಅವರ ಕಥೆ ನನಗೆ ಒಂದೇ ಸಲ ಸಿಕ್ಕಿದ್ದಲ್ಲ. ಪಾರ್ಕಿಂಗ್ ಲಾಟಿನಲ್ಲಿ, ಮಳೆಗೆ ಆಟ ನಿಂತಾಗ, ಒಂದು ಸಲ ನಮ್ಮ ಮನೆಯ ಊಟದ ಮೇಜಿನಲ್ಲಿ, ಹೀಗೆ ತುಂಡುತುಂಡಾಗಿ ಸಿಕ್ಕಿತು. ಬ್ರೆಜಿಲ್‌ನ ಒಳನಾಡಿನ ಒಂದು ಸಣ್ಣ ಊರು. ಅಪ್ಪ ಕಬ್ಬಿನ ಲಾರಿ ಓಡಿಸುತ್ತಿದ್ದರು, ಅಮ್ಮ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದರು. ಹದಿನೇಳನೆಯ ವಯಸ್ಸಿಗೆ ಪೋರ್ಚುಗಲ್‌ನ ಎರಡನೇ ದರ್ಜೆಯ ಕ್ಲಬ್ಬೊಂದು ಅವರನ್ನು ಕರೆಸಿಕೊಂಡಿತು. ಅಲ್ಲಿಂದ ಶುರುವಾದ ಓಟ ಟರ್ಕಿ, ಸೈಪ್ರಸ್, ಕೊರಿಯಾ, ವಿಯೆಟ್ನಾಂ, ಒಮಾನ್ ಎಂದು ಸುತ್ತಿ ಸುತ್ತಿ ಕೊನೆಗೆ ಕ್ಯಾರೊಲೈನಾದ ಒಂದು ಚಿಕ್ಕ ಕ್ಲಬ್ಬಿನಲ್ಲಿ ನಿಂತಿತು. ಒಟ್ಟು ಹನ್ನೊಂದು ದೇಶ. ನಾನು ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವವಳು. ಮೈಸೂರು ಬಿಟ್ಟರೆ ಹುಬ್ಬಳ್ಳಿ, ಹುಬ್ಬಳ್ಳಿ ಬಿಟ್ಟರೆ ಷಾರ್ಲೆಟ್. ಹನ್ನೊಂದು ದೇಶ ಎಂದರೆ ನನಗೆ ತಲೆ ತಿರುಗುತ್ತಿತ್ತು.

ಆದರೆ ಅವರು ಹೇಳುತ್ತಿದ್ದುದು ಗೋಲುಗಳ ಕಥೆಯಲ್ಲ. ಟರ್ಕಿಯಲ್ಲಿ ಅವರು ಹೊಡೆದ ಪೆನಾಲ್ಟಿ ಗುರಿ ತಪ್ಪಿದ ಮರುದಿನ, ದಿನಾ ನಗುತ್ತ ಟೊಮೆಟೊ ಆರಿಸಿಕೊಡುತ್ತಿದ್ದ ತರಕಾರಿಯವನು ಒಂದೂ ಮಾತಾಡದೆ ಕೊಳೆತ ಟೊಮೆಟೊಗಳನ್ನೇ ತೂಗಿ ಕೊಟ್ಟನಂತೆ. ಇವರೂ ಒಂದೂ ಮಾತಾಡದೆ ತಂದು ಸಾರು ಮಾಡಿಕೊಂಡು ತಿಂದರಂತೆ. ವಿಯೆಟ್ನಾಂನಲ್ಲಿ ಒಂದು ಪಂದ್ಯದಲ್ಲಿ ಮೂರು ಗೋಲು ಹೊಡೆದಾಗ ಕ್ಲಬ್ಬಿನ ಯಜಮಾನರು ಖುಷಿಯಾಗಿ ಮೋಟಾರ್ ಬೈಕ್ ಬಹುಮಾನ ಕೊಟ್ಟರು. ಇವರಿಗೆ ಬೈಕ್ ಓಡಿಸಲು ಬರದು, ಹೇಳಲು ನಾಚಿಕೆ. ಜನರು ಚಪ್ಪಾಳೆ ತಟ್ಟುತ್ತಿದ್ದಂತೆ ಅದನ್ನು ತಳ್ಳಿಕೊಂಡೇ ಮನೆಗೆ ಹೋದರು, ನಾಲ್ಕು ಕಿಲೋಮೀಟರ್.

ಬೆಂಗಳೂರಿನಲ್ಲಿ ಎರಡು ಸೀಸನ್. ಅಲ್ಲಿನ ಕ್ಲಬ್ಬಿನಲ್ಲಿ ಕಾಲಿಗೆ ಮಾಲೀಶು ಮಾಡುತ್ತಿದ್ದವರು ಆಸ್ಟಿನ್ ಟೌನಿನ ಒಬ್ಬ ಹಿರಿಯರು. ಅವರಿಗೆ ಇಂಗ್ಲಿಷ್ ಬಾರದು, ಇವರಿಗೂ ಅಷ್ಟಕ್ಕಷ್ಟೆ. ಅವರು ತೊಡೆಯ ಸ್ನಾಯು ಹಿಸುಕುತ್ತ ಒಂದೊಂದು ಹಿಸುಕಿಗೆ ಒಂದೊಂದು ಮಾತು ಕಲಿಸಿದರು. "ಫಸ್ಟ್ ವರ್ಡ್ ಏನು ಗೊತ್ತಾ?" ಎಂದು ಕೋಚ್ ನಮ್ಮ ಮನೆಯಲ್ಲಿ ಅನ್ನ ಕಲಸುತ್ತ ಕೇಳಿದರು. "ತಡ್ಕೊ. ತಡ್ಕೊ ಗುರು. ಸೆಕೆಂಡ್ ವರ್ಡ್, ಆಯ್ತು ಆಯ್ತು. ಆದ್ರೆ ಅದು ಆಗಿರೋದೇ ಇಲ್ಲ, ಇನ್ನೂ ಅರ್ಧ ಗಂಟೆ ಇರತ್ತೆ!"

ನನ್ನ ಗಂಡ ನಗುತ್ತ ಮಜ್ಜಿಗೆ ನೆತ್ತಿಗೆ ಹತ್ತಿಸಿಕೊಂಡರು.

ಆ ಬೇಸಿಗೆಯಲ್ಲೇ ಅಮ್ಮಂದಿರ ಟೀಮ್ ಹುಟ್ಟಿತು. ಗೆರೆಯಾಚೆ ಕೂತು "ಪಾಸ್, ಪಾಸ್!" ಎಂದು ಕಿರುಚುತ್ತಿದ್ದ ನಮ್ಮನ್ನು ನೋಡಿ ನೋಡಿ ಸಾಕಾಗಿ ಕೋಚ್ ಒಂದು ದಿನ ಚೆಂಡನ್ನು ನಮ್ಮ ಕುರ್ಚಿಗಳ ನಡುವೆ ಉರುಳಿಸಿದರು. "ಬನ್ನಿ. ನೀವೇ ಪಾಸ್ ಮಾಡಿ ತೋರಿಸಿ." ಹದಿಮೂರು ಜನ ಎದ್ದೆವು. ಸ್ಕೂಲ್ ಬಸ್ ಓಡಿಸುವ ನಮ್ಮ ಪಕ್ಕದ ಬೀದಿಯಾಕೆ ಗೋಲ್‌ಕೀಪರ್ ಆದಳು. ಆಕೆ ತೋಳು ಚಾಚಿ ನಿಂತರೆ ಗೋಲು ಕಾಣಿಸುತ್ತಲೇ ಇರಲಿಲ್ಲ. ನನಗೆ ಆಗ ನಲವತ್ತಮೂರು. ಓಡಿದ್ದೆಂದರೆ ಮೈಸೂರಿನ ಸಿಟಿ ಬಸ್ಸಿನ ಹಿಂದೆ. ಗೋಲಿನ ಎದುರು ನಿಲ್ಲಿಸಿ ಹೊಡೆಯಲು ಹೇಳಿದಾಗ ಮೊದಲೆರಡು ಸಲ ಚೆಂಡು ಹೊರಗೆ ಹೋಯಿತು. ಮೂರನೆಯದಕ್ಕೆ ಚೆಂಡು ಅಲ್ಲೇ ಇತ್ತು, ನನ್ನ ಶೂ ಹಾರಿತು. ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ಇವರೇ ಸ್ಟ್ರೈಕರ್," ಎಂದರು ಕೋಚ್.

"ಯಾಕೆ? ಒಂದೂ ಹೋಗ್ಲಿಲ್ವಲ್ಲ!"

"ಅದಕ್ಕೇ. ಸ್ಟ್ರೈಕರ್ ಹತ್ತು ಸಲ ಮಿಸ್ ಮಾಡ್ತಾನೆ. ಮಿಸ್ ಮಾಡಿ ಅಳೋರು ಡಿಫೆನ್ಸ್‌ಗೆ ಹೋಗ್ಬೇಕು. ನಗೋರು ಮುಂದೆ ನಿಲ್ಬೇಕು."

ಮೊದಲ ಪಂದ್ಯ ಮಾರಿಸ್‌ವಿಲ್‌ನಲ್ಲಿ. ಅಲ್ಲಿನ ಅಮ್ಮಂದಿರು ಕಾಲೇಜಿನಲ್ಲಿ ಆಡಿದವರು ಎಂದು ನಮಗೆ ಯಾರೂ ಹೇಳಿರಲಿಲ್ಲ. ಎರಡೂವರೆ ಗಂಟೆ ಡ್ರೈವ್ ಮಾಡಿ ಹೋಗಿ, ಒಂಬತ್ತು ಗೋಲು ತಿಂದು, ಅಲ್ಲಿನ ಹಿಂದೂ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು, ವಾಪಸ್ ಎರಡೂವರೆ ಗಂಟೆ ವ್ಯಾನಿನಲ್ಲಿ ಹಾಡಿಕೊಂಡು ಬಂದೆವು. ಸೋತವರು ಯಾರು ಎಂದು ಹೊರಗಿನವರಿಗೆ ಗೊತ್ತಾಗುವಂತಿರಲಿಲ್ಲ. ಮರುದಿನ ಆಫೀಸಿನಲ್ಲಿ ಮೆಟ್ಟಿಲು ಇಳಿಯಲಾರದೆ ಹಿಮ್ಮುಖವಾಗಿ ಇಳಿದೆ. ಹಾಗೆ ಇಳಿಯುತ್ತಲೂ ಯಾಕೋ ನಗುತ್ತಿದ್ದೆ.

ಇನ್ನೊಂದು ವರ್ಷ ಹೀಗೇ ಕಳೆಯಿತು. ಎಲೆ ಕೆಂಪಾಗುವ ಕಾಲಕ್ಕೆ ಹುಬ್ಬಳ್ಳಿಯಿಂದ ನಮ್ಮ ಅತ್ತೆ ಆರು ತಿಂಗಳಿಗೆಂದು ಬಂದರು. ಬಂದ ವಾರವೇ ಕೋಚ್ ಅವರ ಕನ್ನಡ ಕೇಳಿ, ಎದುರಿಗಿದ್ದ ಮೊಮ್ಮಗಳನ್ನು ನೋಡಿ ಹೇಳಿದರು: "ಏನವಾ, ಆ ಕರೇ ಗಡ್ಡದಂವ ನಿನಗಿಂತ ಛಲೋ ಮಾತಾಡ್ತಾನಲ್ಲ!"

"ಅಜ್ಜಿ, ಹೀ ಈಸ್ ಓಲ್ಡ್. ಹೀ ಹ್ಯಾಡ್ ಮೋರ್ ಟೈಮ್," ಎಂದಳು ಮಗಳು.

ಆ ದಿನಗಳಲ್ಲೇ ಒಂದು ಸಂಜೆ ಪ್ರಾಕ್ಟೀಸಿನಲ್ಲಿ ಕೋಚ್ ಒಂದು ಸಲವೂ ಕೂಗಲಿಲ್ಲ. ನಾವು ಏನು ತಪ್ಪು ಮಾಡಿದರೂ ಸುಮ್ಮನೆ ನೋಡುತ್ತಿದ್ದರು. ಚೆಂಡುಗಳನ್ನು ಚೀಲಕ್ಕೆ ತುಂಬುವಾಗ ಹತ್ತಿರ ಹೋಗಿ ಕೇಳಿದೆ.

"ಏನಾಯ್ತು ಕೋಚ್?"

"ಅಮ್ಮ ಬರ್ತಿದಾಳೆ."

"ಒಳ್ಳೇದಲ್ವಾ? ಪಾಪು ನೋಡೋಕೆ?" ಅವರಿಗೆ ಆಗಷ್ಟೇ ಹೆಣ್ಣು ಮಗು ಹುಟ್ಟಿತ್ತು.

"ಹೂಂ. ಫಸ್ಟ್ ಟೈಮ್ ಫ್ಲೈಟ್. ಎಪ್ಪತ್ನಾಲ್ಕು ವರ್ಷ. ವಿಮಾನ ಅಂದ್ರೆ ಅವಳಿಗೆ ಭಯ, ಅದಕ್ಕೇ ಎಲ್ಲಿಗೂ ಬಂದಿಲ್ಲ." ಚೀಲದ ದಾರ ಎಳೆದು ಗಂಟು ಹಾಕಿದರು. "ಮೇಡಂ, ಅವಳು ನಾನು ಆಡೋದನ್ನ ಯಾವತ್ತೂ ನೋಡಿಲ್ಲ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರು ಬಿಡಿಸಿ ಹೇಳಿದರು. ಊರಿನಲ್ಲಿದ್ದಾಗ ಭಾನುವಾರದ ಪಂದ್ಯಗಳ ಹೊತ್ತಿಗೆ ಅಮ್ಮ ಹೊಲಿಗೆ ಮಿಷನ್ ಮುಂದೆ ಇರುತ್ತಿದ್ದರು, ಸೋಮವಾರಕ್ಕೆ ಯೂನಿಫಾರ್ಮ್ ಕೊಡಬೇಕಿತ್ತು. ಹದಿನೇಳರ ನಂತರ ಮಗ ಆಡಿದ್ದೆಲ್ಲ ಟಿವಿಯವರು ತೋರಿಸದ ಲೀಗುಗಳಲ್ಲಿ. ಅವರು ಕಳಿಸುತ್ತಿದ್ದ ಪೇಪರ್ ಕಟಿಂಗುಗಳು ಟರ್ಕಿ ಭಾಷೆಯವು, ಕೊರಿಯನ್ ಭಾಷೆಯವು. ಅಮ್ಮ ಫೋಟೋ ನೋಡಿ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು, ಯಾಕೆ ಇಷ್ಟು ಸೊರಗಿದ್ದೀಯಾ.

"ಈಗ ಬರ್ತಿದಾಳೆ. ಈಗ ನಾನು ಆಡೋದಿಲ್ಲ. ಮಂಡಿ ಮುಗೀತು," ಎಂದು ಎಡಗಾಲನ್ನು ತಟ್ಟಿದರು.

ನಾನು ಯಾರನ್ನೂ ಕೇಳದೆ, ಯೋಚನೆಯನ್ನೂ ಮಾಡದೆ ಹೇಳಿಬಿಟ್ಟೆ: "ಆಡ್ತೀರಿ. ಅವರು ಬಂದ ಮೊದಲ್ನೇ ಭಾನುವಾರ. ನಮ್ಮ ಟೀಮಲ್ಲಿ."

"ಯಾರ ಮೇಲೆ?"

"ಅಪ್ಪಂದಿರ ಮೇಲೆ!"

ಮನೆಗೆ ಹೋಗಿ ಹೇಳಿದಾಗ ನನ್ನ ಗಂಡನಿಗೆ ತಾವೇ ಅಪ್ಪಂದಿರ ಗೋಲ್‌ಕೀಪರ್ ಎಂದು ಗೊತ್ತಾಯಿತು. ಹುಬ್ಬಳ್ಳಿಯ ಗಲ್ಲಿಯಲ್ಲಿ ಕ್ರಿಕೆಟ್ ಆಡುವಾಗ ವಿಕೆಟ್ ಹಿಂದೆ ನಿಂತದ್ದೇ ಅವರ ಅನುಭವ. ವಾರವಿಡೀ ವಾಟ್ಸ್‌ಆ್ಯಪಿನಲ್ಲಿ ಅಪ್ಪಂದಿರು ಒಬ್ಬೊಬ್ಬರಾಗಿ ಬೆನ್ನು ನೋವು, ಮೀಟಿಂಗ್ ಎಂದು ಜಾರಿಕೊಳ್ಳಲು ನೋಡಿದರು. ಅಮ್ಮಂದಿರು ಒಬ್ಬರನ್ನೂ ಬಿಡಲಿಲ್ಲ. ಶನಿವಾರ ಕೋಚ್ ಮನೆಗೇ ಬಂದು ನನ್ನ ಗಂಡನ ಕೈ ಹಿಡಿದು ಹೇಳಿದರು: "ಸರ್, ಪ್ಲೀಸ್. ನನಗೋಸ್ಕರ ಬಿಟ್ಟುಕೊಡಬೇಡಿ. ಸುಳ್ಳು ಗೋಲು ಅಮ್ಮನಿಗೆ ಗೊತ್ತಾಗತ್ತೆ." ಇವರು ಆ ಮಾತನ್ನು ಪ್ರಮಾಣವಚನದಂತೆ ಸ್ವೀಕರಿಸಿದರು. ನನಗೆ ಆಗಲೇ ಭಯವಾಯಿತು.

ಭಾನುವಾರ ಬಂತು. ಹದವಾದ ಬಿಸಿಲು. ಕೋಚ್ ಅವರ ಅಮ್ಮ ಮಗನ ಸೊಂಟದೆತ್ತರಕ್ಕೆ ಬರುವಷ್ಟು ಪುಟ್ಟ ಹೆಂಗಸು. ಹಳದಿ ಸ್ವೆಟರ್, ದಪ್ಪ ಕನ್ನಡಕ, ಮಡಿಲಲ್ಲಿ ಗಟ್ಟಿಯಾಗಿ ಹಿಡಿದ ಕೈಚೀಲ. ಅವರನ್ನು ನಮ್ಮ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆವು. ಅತ್ತೆಗೆ ಪೋರ್ಚುಗೀಸ್ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರಿಗೂ ಇಂಗ್ಲಿಷ್ ಬಾರದು. ಮೂರನೇ ನಿಮಿಷಕ್ಕೆ ಅತ್ತೆ "ನಿಮ್ಮ ಮಗಾ ಭಾಳ ಎತ್ತರ ಅದಾನ ಬಿಡ್ರಿ. ಹುಟ್ಟಿದಾಗ ಎಷ್ಟ್ ತೂಕ ಇದ್ದ?" ಎಂದು ಶುರುಮಾಡಿದರು. ಆಕೆ ಕೈ ಅಗಲಿಸಿ ಏನೋ ತೋರಿಸಿ ಉದ್ದಕ್ಕೆ ಉತ್ತರ ಕೊಟ್ಟರು. ಅತ್ತೆ "ಹೌದೇನು!" ಎಂದರು. ಅಲ್ಲಿಂದ ಇಬ್ಬರೂ ನಿಲ್ಲಿಸಲೇ ಇಲ್ಲ.

ಆಟ ಶುರುವಾಯಿತು. ಕೋಚ್ ಮೊದಲ ಹೊಡೆತ ಪಾರ್ಕಿಂಗ್ ಲಾಟಿಗೆ ಹೋಯಿತು. ಎರಡನೆಯದು ಕಂಬಕ್ಕೆ ಬಡಿದು ಠಣ್ಣೆಂದಿತು. ಮೂರನೆಯದನ್ನು ನನ್ನ ಗಂಡ ಮುಖದಲ್ಲಿ ತಡೆದರು. ಕೈಯಲ್ಲಲ್ಲ, ಮುಖದಲ್ಲಿ. ಮೂಗು ಕೆಂಪಗಾಗಿ, ಕಣ್ಣಲ್ಲಿ ನೀರು ಸುರಿಯುತ್ತ, ಎರಡೂ ಕೈ ಮೇಲೆತ್ತಿ ನಿಂತ ಆ ಮನುಷ್ಯನನ್ನು ಮದುವೆಯಾಗಿ ಹದಿನಾರು ವರ್ಷವಾದರೂ ನಾನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ. ಅಪ್ಪಂದಿರೆಲ್ಲ ಓಡಿಬಂದು ಅವರನ್ನು ತಬ್ಬಿಕೊಂಡರು.

ಕುರ್ಚಿಯಿಂದ ಕೋಚ್ ಅಮ್ಮ ಏನೋ ಕೂಗುತ್ತಲೇ ಇದ್ದರು. ನಾನು ಕೋಚ್ ಪಕ್ಕದಲ್ಲಿ ಓಡುತ್ತ, ಮಗನನ್ನು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು, "ಏನಂತಿದಾರೆ?" ಎಂದು ಕೇಳಿದೆ.

"ಲೇಸ್ ಕಟ್ಕೊ ಅಂತಿದಾಳೆ," ಎಂದರು ಅವರು ಏದುಸಿರು ಬಿಡುತ್ತ.

ಅರ್ಧ ಆಟ ಮುಗಿದಾಗ ಯಾವ ಕಡೆಯೂ ಗೋಲಿಲ್ಲ. ಕೋಚ್ ಅಮ್ಮ ಕೈಚೀಲದಿಂದ ಕರವಸ್ತ್ರ ತೆಗೆದು, ಅಷ್ಟು ಜನರ ಮುಂದೆ, ಮಗನನ್ನು ಬಗ್ಗಿಸಿಕೊಂಡು ಮುಖ, ಕತ್ತು, ನುಣ್ಣನೆ ತಲೆ ಎಲ್ಲ ಒರೆಸಿದರು. ಹನ್ನೊಂದು ದೇಶ ಕಂಡ ಸ್ಟ್ರೈಕರ್ ಕಣ್ಣು ಮುಚ್ಚಿ ಒರೆಸಿಸಿಕೊಂಡರು. ಈಚೆ ನಮ್ಮ ಅತ್ತೆ ಮಗನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ಪಾಪ, ಅವರವ್ವ ಅಷ್ಟ್ ದೂರದಿಂದ ಬಂದಾಳ. ಒಂದರ ಬಿಡಬಾರದೇನೋ?"

"ಅವ್ವಾ, ಬಿಡಬ್ಯಾಡ್ರಿ ಅಂತ ಅವರ ಹೇಳ್ಯಾರ!"

"ಅವರ ಮಾತ ಕೇಳ್ತಿ. ನನ್ನ ಮಾತ ಯಾವಾಗರ ಕೇಳೀಯೇನು?"

ದ್ವಿತೀಯಾರ್ಧ ಮುಗಿಯಲು ಹತ್ತು ನಿಮಿಷವಿದ್ದಾಗ ಚೆಂಡು ಹೇಗೋ ಬಲಗಡೆಯಲ್ಲಿ ನನ್ನ ಕಾಲಿಗೆ ಬಂತು. ಎದುರಿಗೆ ಯಾರೂ ಇರಲಿಲ್ಲ. "ಇಲ್ಲಿ ಕೊಡಮ್ಮಾ!" ಎಂದು ದನಿ ಕೇಳಿತು. ಕೊಟ್ಟೆ. ಕೊಟ್ಟದ್ದು ಅವರ ಮುಂದಕ್ಕಲ್ಲ, ಬೆನ್ನ ಹಿಂದಕ್ಕೆ. ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಅವರು ಓಡುತ್ತಿದ್ದ ಕಾಲನ್ನೇ ಹಿಂದಕ್ಕೆ ಮಡಿಸಿ, ತಿರುಗಿ ನೋಡದೆ, ಹಿಮ್ಮಡಿಯಿಂದ ಚೆಂಡನ್ನು ತಟ್ಟಿದರು. ಬರೀ ತಟ್ಟಿದ್ದು. ಅದು ನಿಧಾನ, ಬಹಳ ನಿಧಾನವಾಗಿ, ನನ್ನ ಗಂಡನ ಎರಡು ಕಾಲುಗಳ ನಡುವೆ ಉರುಳಿ ಒಳಗೆ ಹೋಯಿತು.

ಎಲ್ಲರೂ ಕಿರುಚಿದೆವು, ಗೋಲು ತಿಂದ ಅಪ್ಪಂದಿರೂ. ಬಸ್ ಡ್ರೈವರ್ ಗೋಲ್‌ಕೀಪರ್ ಆ ತುದಿಯಿಂದ ಈ ತುದಿಗೆ ಓಡಿಬಂದು ನನ್ನನ್ನು ಎತ್ತಿ ತಿರುಗಿಸಿದಳು. ಕೋಚ್ ಕುಂಟುತ್ತ, ತೋಳು ಚಾಚಿ, ಅಮ್ಮನ ಕಡೆ ಓಡಿದರು.

ಅಮ್ಮ ಕೈಯಲ್ಲೊಂದು ಚಕ್ಕುಲಿ ಹಿಡಿದು ಸುತ್ತ ನೋಡುತ್ತಿದ್ದರು. ಮಗನಿಗೆ ಏನೋ ಕೇಳಿದರು. ಕೋಚ್ ಅಲ್ಲೇ ನಿಂತರು. ಚಾಚಿದ ತೋಳು ಹಾಗೇ ಇತ್ತು.

"ಏನಂದ್ರು?"

"ಯಾಕೆ ಎಲ್ಲ ಕೂಗ್ತಿದಾರೆ, ಅಂತ," ಎಂದರು ಕೋಚ್. "ಅವಳು ನೋಡಿಲ್ಲ. ಚಕ್ಕುಲಿ ತಗೋತಿದ್ಳಂತೆ."

ಡಬ್ಬಿ ಹಿಡಿದಿದ್ದ ಅತ್ತೆಗೆ ಮುಖವೇ ಇಳಿದುಹೋಯಿತು. "ಅಯ್ಯ ನನ ಕರ್ಮವ! ನಾನ ಅಲ್ಲೇನವಾ ತಗೋರಿ ತಗೋರಿ ಅಂದಾಕಿ!"

ಕೋಚ್ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಒಂದು ವಿಚಿತ್ರ ಸದ್ದು ಕೇಳಿ ತಿರುಗಿದೆ. ಅವರು ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಗುತ್ತಿದ್ದರು. ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಿದರು. ಆ ನಗು ಅಂಟಿಕೊಂಡು ಎರಡೂ ಟೀಮು, ರೆಫರಿಯಾಗಿದ್ದ ಹಲ್ಲಿನ ಡಾಕ್ಟರಪ್ಪ, ಏನಾಯಿತೆಂದು ತಿಳಿಯದ ಮಕ್ಕಳು, ಎಲ್ಲರೂ ನಗುತ್ತ ನಿಂತೆವು. ಅಮ್ಮ ಮಾತ್ರ ಗಂಭೀರವಾಗಿ ಚಕ್ಕುಲಿಯನ್ನು ಅತ್ತೆಗೆ ವಾಪಸ್ ಕೊಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಬೆರಳೆತ್ತಿ ಮಗನಿಗೆ ಏನೋ ಅಪ್ಪಣೆ ಮಾಡಿದರು.

"ಇನ್ನೊಂದು ಸಲ ಮಾಡು ಅಂತಿದಾಳೆ," ಎಂದರು ಕೋಚ್ ಎದ್ದು ನಿಲ್ಲುತ್ತ.

ಉಳಿದದ್ದು ಎಂಟು ನಿಮಿಷ. ಆ ಎಂಟು ನಿಮಿಷ ನಾವು ಹದಿಮೂರು ಜನ ಅಮ್ಮಂದಿರು ಓಡಿದ ಓಟ ಮುಂದೆ ಯಾವತ್ತೂ ಓಡಲಿಲ್ಲ. ಮಾರಿಸ್‌ವಿಲ್‌ನಲ್ಲಿ ಹೀಗೆ ಓಡಿದ್ದರೆ ಗೆಲ್ಲುತ್ತಿದ್ದೆವೇನೋ. ಗೆರೆಯಾಚೆಯಿಂದ ಅತ್ತೆ "ನೋಡ್ರಿ, ಈಗ ನೋಡ್ರಿ, ಆಕಡೆ ನೋಡ್ರಿ!" ಎಂದು ಕೋಚ್ ಅಮ್ಮನ ಗಲ್ಲ ಹಿಡಿದು ಚೆಂಡು ಹೋದ ಕಡೆಗೆಲ್ಲ ತಿರುಗಿಸುತ್ತಿದ್ದರು. ಕೊನೆಯ ನಿಮಿಷದಲ್ಲಿ ನಮಗೆ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಸಿಕ್ಕಿತು. ನಮ್ಮ ಗೋಲ್‌ಕೀಪರೇ ಬಂದು ಬಲವಾಗಿ ಒದ್ದಳು. ಚೆಂಡು ಮೇಲೆ ಹೋಗಿ ಬಿಸಿಲಿನಲ್ಲಿ ಮಾಯವಾಯಿತು. ನಾವೆಲ್ಲ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಾಗ ಅದು ಎಲ್ಲಿ ಬೀಳುತ್ತದೆಂದು ಗೊತ್ತಿದ್ದವರು ಒಬ್ಬರೇ. ಆ ಸವೆದ ಮಂಡಿಯ ಮೇಲೆ ಅವರು ಎಲ್ಲರಿಗಿಂತ ಒಂದು ಹಿಡಿ ಮೇಲಕ್ಕೆ ಎದ್ದು ಹಣೆ ಕೊಟ್ಟರು. ನನ್ನ ಗಂಡ ಸುಳ್ಳಾಗಿ ಹಾರಲಿಲ್ಲ, ನಿಜವಾಗಿಯೇ ಪೂರ್ತಿ ಮೈ ಚಾಚಿ ಹಾರಿದರು. ಬೆರಳ ತುದಿ ತಾಗಿಯೂ ಚೆಂಡು ಬಲೆಗೆ ಬಿತ್ತು.

ಈ ಸಲ ಯಾರೂ ಕೂಗಲಿಲ್ಲ. ಎಲ್ಲರೂ ಮೊದಲು ಕುರ್ಚಿಯ ಕಡೆ ತಿರುಗಿದೆವು.

ಅಮ್ಮ ಎದ್ದು ನಿಂತಿದ್ದರು. ಕೈಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಗೆರೆ ದಾಟಿ, ಆಟ ನಡೆಯುತ್ತಿರುವ ಮೈದಾನದೊಳಗೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ನಡೆದುಬಂದರು. ರೆಫರಿ ಸೀಟಿ ಬಾಯಿಗಿಟ್ಟವರು ಊದದೆ ತೆಗೆದರು. ಅಮ್ಮ ಮಗನ ಮುಂದೆ ನಿಂತು, ಅವರನ್ನು ಬಗ್ಗಿಸಿಕೊಂಡು, ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಯ ಮೇಲೆ ಚೆಂಡು ಮಾಡಿದ್ದ ಕೆಂಪು ಗುರುತನ್ನು ಹೆಬ್ಬೆರಳಿನಿಂದ ತಿಕ್ಕಿದರು. ಮೆಲ್ಲಗೆ ಏನೋ ಹೇಳಿದರು. ಕೋಚ್ ಹಣೆಯನ್ನು ಅಮ್ಮನ ಭುಜಕ್ಕೆ ಒತ್ತಿದರು.

ಅವರು ಏನೆಂದರು ಎಂದು ನನಗೆ ತಿಳಿದದ್ದು ಎಲ್ಲ ಮುಗಿದು, ಮಡಚಿದ ಕುರ್ಚಿಗಳನ್ನು ಕಾರಿಗೆ ತುಂಬುವಾಗ. "'ಇಷ್ಟು ವರ್ಷ ನೋವಾಗ್ತಿತ್ತಾ ಮಗನೇ, ಹೀಗೆ ತಲೇಲಿ ಹೊಡೀವಾಗ' ಅಂತ ಕೇಳಿದ್ಳು," ಎಂದರು ಕೋಚ್. ಹೇಳಿ, ಕಾರಿನ ಡಿಕ್ಕಿ ಮುಚ್ಚಿ, ಜೋರಾಗಿ ಮೂಗು ಸೀಟಿಕೊಂಡು, ಮತ್ತೆ ನಕ್ಕರು.

ಮುಂದಿನ ಬೇಸಿಗೆಗೆ ಅವರಿಗೆ ಅಟ್ಲಾಂಟಾದಲ್ಲಿ ಹೆಣ್ಣುಮಕ್ಕಳ ದೊಡ್ಡ ಟೀಮೊಂದಕ್ಕೆ ತರಬೇತಿ ಕೊಡುವ ಕೆಲಸ ಸಿಕ್ಕಿತು. ನಾಲ್ಕು ಗಂಟೆ ದಾರಿ. ನಾವು ವರ್ಷಕ್ಕೆರಡು ಸಲ ಹೋಗಿ ಅಲ್ಲಿನ ಅಮ್ಮಂದಿರ ಕೈಯಲ್ಲಿ ಸೋತು ಬರುತ್ತೇವೆ. ನಾನು ಇನ್ನೂ ಸ್ಟ್ರೈಕರ್, ಒಟ್ಟು ನಾಲ್ಕು ಗೋಲು ನನ್ನ ಹೆಸರಿನಲ್ಲಿವೆ. ಒಂದು ಬೆನ್ನಿಗೆ ತಾಗಿ ಹೋದದ್ದು, ಅದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅತ್ತೆ ಹುಬ್ಬಳ್ಳಿಗೆ ಮರಳಿ ಬಹಳ ದಿನವಾಯಿತು. ಮೊನ್ನೆ ಫೋನ್ ಮಾಡಿದಾಗ ಹಿಂದೆ ಯಾರೋ ಪೋರ್ಚುಗೀಸಿನಲ್ಲಿ ಮಾತಾಡುವುದು ಕೇಳಿಸಿತು. ವಾಟ್ಸ್‌ಆ್ಯಪಿನಲ್ಲಿ ಬ್ರೆಜಿಲ್‌ಗೆ ಮರಳಿದ್ದ ಕೋಚ್ ಅಮ್ಮ ಕಳಿಸಿದ ವಾಯ್ಸ್ ಮೆಸೇಜು. ವಾರಕ್ಕೊಂದು ಬರುತ್ತದಂತೆ, ಅತ್ತೆಯೂ ವಾರಕ್ಕೊಂದು ಹುಬ್ಬಳ್ಳಿ ಕನ್ನಡದಲ್ಲಿ ಕಳಿಸುತ್ತಾರಂತೆ.

"ಅತ್ತೆ, ಅವರು ಹೇಳೋದು ನಿಮಗೆ ಅರ್ಥ ಆಗತ್ತಾ?"

"ಆಗಲಾರದ ಏನು? ಮಗಾ ಫೋನ್ ಮಾಡಂಗಿಲ್ಲ ಅಂತಾಳ, ಸೊಸಿ ಕೂಸಿಗೆ ಟೊಪಗಿ ಹಾಕಂಗಿಲ್ಲ ಅಂತಾಳ. ನೀ ಇಡು ಫೋನ, ನಾ ಆಕಿಗೆ ಉತ್ತರ ಹೇಳಬೇಕು."